ಗೆಳತಿಗೆ ಎಡೆ ಇಡಬಹುದಾ? ನೆಂಟ್ರಲ್ಲ, ನಮ್ ಜಾತಿನೂ ಅಲ್ಲ

ಎರಡ್ ಮಕ್ಳ ತಾಯಿ, ಮೈಸೂರು:

ಎಲ್ರಿಗೂ ನಮಸ್ಕಾರ. ಇದನ್ನ ಎಲ್ಲಿ ಕೇಳೋದು ಅಂತ ಗೊತ್ತಾಗ್ದೆ ಇಲ್ಲಿ ಹಾಕ್ತಿದೀನಿ, ಮನೇಲಿ ಕೇಳಿದ್ರೆ ಜಗಳ ಆಗುತ್ತೆ, ಪೂಜಾರ್ರನ್ನ ಕೇಳಿದ್ರೆ ಖರ್ಚಾಗುತ್ತೆ. ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ.

ನಾವಿರೋದು ಮೈಸೂರಲ್ಲಿ, ಕುವೆಂಪುನಗರದ ಕಡೆ. ನಮ್ಮನೆಯವ್ರ ಊರು ಪಾಂಡವಪುರದ ಹತ್ರ ಒಂದ್ ಹಳ್ಳಿ. ಮದ್ವೆ ಆಗಿ 20 ವರ್ಷ ಆಯ್ತು, ಒಂದ್ ವರ್ಷಾನೂ ತಪ್ಪಿಸ್ದೆ ಪಿತೃಪಕ್ಷಕ್ಕೆ ಊರಿಗೆ ಹೋಗ್ತೀವಿ, ಮಹಾಲಯ ಅಮಾಸೆ ದಿನ ಹಿರಿಯರಿಗೆ ಎಡೆ. ನಮ್ ಕಡೆಯವ್ರಿಗೆ ಹೇಳ್ಬೇಕಾಗಿಲ್ಲ, ಗೊತ್ತಿಲ್ದೋರಿಗೆ ಹೇಳ್ತೀನಿ, ಇದು ಅಳೋ ಹಬ್ಬ ಅಲ್ಲ. ಮಟನ್ ಅಂಗಡಿ ಮುಂದೆ ಕತ್ಲಲ್ಲೇ ಕ್ಯೂ ನಿಂತಿರುತ್ತೆ. ಮಾವನಿಗೆ ಹೊಸ ಪಂಚೆ, ಅವ್ರಮ್ಮನಿಗೆ ಸೀರೆ, ಎಲೆ ಅಡಿಕೆ, ಕಜ್ಜಾಯ, ವಡೆ, ಮುದ್ದೆ, ಮಟನ್ ಸಾರು, ಮಾವನಿಗೆ ಅಂತ ಒಂದ್ ಕಟ್ಟು ಬೀಡಿ, ಒಂದ್ ಕ್ವಾರ್ಟರ್ರು, ಇಷ್ಟೂ ಕಳಸದ ಮುಂದೆ ಜೋಡ್ಸಿ ಧೂಪ ಹಾಕಿ ಬಾಗ್ಲು ಮುಚ್ಕೊಂಡು ಎಲ್ರೂ ಆಚೆ ಬಂದ್ಬಿಡ್ತೀವಿ, ಅವ್ರು ಬಂದು ಸಮಾಧಾನವಾಗಿ ಉಂಡ್ಕೊಂಡು ಹೋಗ್ಲಿ ಅಂತ. ನನ್ ಮಗ ಚಿಕ್ಕೋನಿದ್ದಾಗ ಬಾಗ್ಲ್ ಸಂದೀಲಿ ಕಣ್ಣಿಟ್ಟು "ಅಮ್ಮಾ ತಾತ ಇನ್ನೂ ಬಂದಿಲ್ಲ, ವಡೆ ಆರೋಗ್ತಿದೆ" ಅಂದಿದ್ದ.

ಈಗ ವಿಷ್ಯಕ್ಕೆ ಬರ್ತೀನಿ. ನನ್ಗೊಬ್ಳು ಗೆಳತಿ ಇದ್ಲು. ಹೋದ್ ವರ್ಷ ಫೆಬ್ರವರಿಲಿ ಹೋಗ್ಬಿಟ್ಲು. ಏನಾಗಿತ್ತು ಹೆಂಗಾಯ್ತು ಅಂತ ಬರೆಯಲ್ಲ, ಬರೆದ್ರೆ ಎಲ್ರೂ ಆ ಕಾಯಿಲೆ ಬಗ್ಗೇನೇ ಮಾತಾಡ್ತೀರ. ಅವ್ಳಿಗೂ ಒಂದ್ ಎಲೆ ಹಾಕಿ ಎಡೆ ಇಡ್ಬೇಕು ಅಂತ ನನ್ ಆಸೆ. ಅವ್ಳು ಕ್ರಿಶ್ಚಿಯನ್ನು. ಇಡಬಹುದಾ?

ನಾವ್ ಸಿಕ್ಕಿದ್ದು ಸ್ಕೂಲ್ ಗೇಟ್ ಹತ್ರ. ನನ್ ಮಗ್ಳೂ ಅವ್ಳ ಮಗ್ಳೂ ಎಲ್‌ಕೆಜಿ, ಮೊದಲ್ನೇ ದಿನ. ಎರಡೂ ಒಳಗೆ ಗೇಟ್ ಕಂಬಿ ಹಿಡ್ಕೊಂಡು ಅಳ್ತಿದ್ವು, ನಾವಿಬ್ರು ಆಚೆ ಮಳೆಮರದ ಕೆಳಗೆ ನಿಂತು ಅಳ್ತಿದ್ವಿ. ಅವ್ಳು ಮೂಗೊರೆಸ್ಕೊಂಡು ನನ್ನ ಒಂದ್ಸಲ ಮೇಲಿಂದ ಕೆಳಗೆ ನೋಡಿ "ಈ ಬ್ಲೌಸ್ ಯಾರ್ರೀ ಹೊಲ್ದಿದ್ದು, ತೋಳು ಎಳೀತಿದ್ಯಲ್ಲ" ಅಂದ್ಲು. ಅದೇ ಮೊದಲ್ ಮಾತು. ಅವ್ಳು ಟೈಲರ್, ಮನೇಲೇ ಹೊಲಿಯೋಳು. ಅವತ್ತಿಂದ ನನ್ ಬ್ಲೌಸು, ನನ್ ಮಗ್ಳ ಯೂನಿಫಾರ್ಮು, ನಮ್ಮತ್ತೆ ಬ್ಲೌಸು, ಕೊನೆಗೆ ನಮ್ಮನೆ ದಿಂಬಿನ ಕವರು ಎಲ್ಲಾ ಅವ್ಳೇ. ದುಡ್ ಮಾತ್ರ ಬಿಡ್ತಿರ್ಲಿಲ್ಲ, "ಸ್ನೇಹ ಬೇರೆ ಲೈನಿಂಗ್ ಬೇರೆ" ಅನ್ನೋಳು, ಹತ್ತ್ ರೂಪಾಯಿ ಚಿಲ್ಲರೆಗೂ ವಾಟ್ಸಾಪಲ್ಲಿ ನೆನಪಿಸೋಳು.

ನನ್ ಎರಡನೇ ಹೆರಿಗೇಲಿ ಒಂಬತ್ ದಿನ ಆಸ್ಪತ್ರೇಲಿದ್ದೆ. ಮಗ್ಳು ಅವ್ರ ಮನೇಲೇ ಇದ್ಲು. ನಾನ್ ಮನೆಗ್ ಬಂದಾಗ ಮಗ್ಳು ಊಟಕ್ಕೆ ಮುಂಚೆ ಕೈ ಮುಗಿದು ಏನೋ ಹೇಳಿ ಆಮೇಲೆ ತಿನ್ನೋಕೆ ಶುರು ಮಾಡಿದ್ಲು. ಅತ್ತೆ ಮುಖ ನೋಡ್ಬೇಕಿತ್ತು. ಆದ್ರೆ ಅವ್ಳ ಮಗ್ಳು ನಮ್ಮನೆಗ್ ಬಂದಾಗೆಲ್ಲ ದೇವ್ರ ಮನೆ ಕುಂಕುಮ ಇಟ್ಕೊಂಡೇ ಹೋಗ್ತಿತ್ತು, ಲೆಕ್ಕ ಸರಿ ಹೋಯ್ತು.

ಆಷಾಢ ಶುಕ್ರವಾರ ನಾನ್ ಬೆಟ್ಟ ಹತ್ತೋವಾಗ ಜೊತೇಲಿ ಬರೋಳು. ಸಾವಿರ ಮೆಟ್ಲಲ್ಲಿ ಅವ್ಳದು ನಂದಿ ತನಕ ಮಾತ್ರ, ಅಲ್ಲಿ ಕೂತ್ಬಿಡೋಳು, "ನೀ ಹೋಗ್ ಬಾ, ನಾನ್ ಈ ಬಸವನ ಜೊತೆ ಮಾತಾಡ್ತಿರ್ತೀನಿ" ಅಂತ. ಅದಕ್ ಬದ್ಲು ನಾನು ಅವ್ಳ ಜೊತೆ ಡೋರ್ನಹಳ್ಳಿಗೆ ಹೋಗ್ತಿದ್ದೆ, ಅಂತೋಣಪ್ಪನ ಚರ್ಚಿಗೆ. ಅಲ್ಲಿ ಬರೋರಲ್ಲಿ ಅರ್ಧಕ್ಕರ್ಧ ನಮ್ಮಂಥೋರೇ ಬಿಡಿ.

ಇನ್ನು ಡಬ್ಬಿ ವಿಷ್ಯ. ಡಬ್ಬಿ ಖಾಲಿ ವಾಪಸ್ ಕೊಡ್ಬಾರ್ದು ಅಂತ ಇದ್ಯಲ್ಲ, ಅದ್ರಿಂದ 13 ವರ್ಷ ನಮ್ಮಿಬ್ರ ಮನೆ ಮಧ್ಯೆ ಡಬ್ಬಿ ಓಡಾಡಿದ್ದೇ ಓಡಾಡಿದ್ದು. ಇಲ್ಲಿಂದ ಸಂಕ್ರಾಂತಿ ಎಳ್ಳು ಬೆಲ್ಲ, ಯುಗಾದಿ ಒಬ್ಬಟ್ಟು, ಪಿತೃಪಕ್ಷ ಮುಗಿಸ್ಕೊಂಡ್ ಬಂದ್ರೆ ಕಜ್ಜಾಯ. ಅಲ್ಲಿಂದ ಕ್ರಿಸ್ಮಸ್ಸಿಗೆ ಕಲ್ಕಲ್ಲು, ರೋಸ್ ಕುಕೀಸು. ಮಧ್ಯದಲ್ಲಿ ಹಬ್ಬ ಇಲ್ದಾಗ ಕರಿಬೇವು, ಒಗ್ಗರಣೆ ಮೆಣಸಿನಕಾಯಿ, ಒಂದ್ಸಲ ಬರೀ ಒಂದ್ ನಿಂಬೆಹಣ್ಣು. ಯಾರ್ ಡಬ್ಬಿ ಯಾರದು ಅಂತ ಲೆಕ್ಕ ತಪ್ಪೋಗಿತ್ತು, ನನ್ ಮದ್ವೇಲಿ ಕೊಟ್ಟ ಐದರ ಸೆಟ್ಟಲ್ಲಿ ಮೂರನೇ ಡಬ್ಬಿ ಇವತ್ತಿಗೂ ಕಾಣ್ತಿಲ್ಲ, ಅದ್ ಬೇರೆ ಕಥೆ. ಎರಡ್ ಕ್ರಿಸ್ಮಸ್ ಹಿಂದೆ ಅವ್ಳು ಕಲ್ಕಲ್ ಕಳ್ಸಿದ ಸ್ಟೀಲ್ ಡಬ್ಬಿ ನಮ್ಮನೆ ಅಟ್ಟದ ಮೇಲಿದೆ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವ್ಳದೊಂದಕ್ಷರ, ಅವ್ರ ಯಜಮಾನ್ರದೊಂದಕ್ಷರ ಕೆತ್ಸಿದೆ. ತುಂಬಿ ಕೊಡೋಣ ಅನ್ನೋಷ್ಟರಲ್ಲಿ ಅವ್ಳು ಆಸ್ಪತ್ರೆ ಸೇರಿದ್ಲು. ಆಮೇಲೆ ಏನ್ ಹಾಕಿ ಕೊಡ್ಲಿ, ಯಾರಿಗ್ ಕೊಡ್ಲಿ.

ಹೋದ್ ವರ್ಷ ಪಿತೃಪಕ್ಷಕ್ಕೆ ಬಾಯ್ ಬಿಡೋಕೆ ಧೈರ್ಯ ಬರ್ಲಿಲ್ಲ. ಈ ಸಲ ಅತ್ತೇನ ಫೋನಲ್ಲಿ ಕೇಳ್ದೆ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು "ಅವ್ರ್ ಮನೇರು ಮಾಡ್ಕತಾರೆ ಬುಡವ್ವ. ಅವ್ರ್ ದ್ಯಾವ್ರೇ ಬ್ಯಾರೆ. ನಮ್ಮೂರ್ಗೆ ಅವ್ಳ್ ಎಂಗ್ ಬತ್ತಾಳೆ, ದಾರಿ ಗೊತ್ತಿರ್ಬೇಕಲ್ಲ?" ಅಂದ್ರು. ನಮ್ಮನೆಯವ್ರು "ನಿಂಗೆ ಬೇಕಿದ್ರೆ ಮೈಸೂರಲ್ಲೇ ಇಟ್ಬಿಡು, ಯಾರ್ ನೋಡ್ತಾರೆ" ಅಂತಾರೆ. ಕದ್ದು ಮುಚ್ಚಿ ಇಡೋಕೆ ಅವ್ಳೇನ್ ನನ್ ಸಾಲಗಾರ್ಳಾ? ನಿಮ್ಮಲ್ಲಿ ಯಾರಾದ್ರೂ ಹಿಂಗ್ ಮಾಡಿದೀರಾ? ತಪ್ಪಾ?

ಕೆರಗೋಡು ಕಡೆಯವ್ಳು, ಮಂಡ್ಯ:

ಅಕ್ಕ ಇಡಿ. ತಪ್ಪು ಅನ್ನೋರ್ ಮನೆಗೆ ಕಜ್ಜಾಯ ಕಳಿಸ್ಬೇಡಿ ಅಷ್ಟೇ.

ನಮ್ಮನೇಲಿ ನೆಂಟ್ರಲ್ದೋರಿಗೆ ಎಡೆ ಇದೆ, ನಾನ್ ಕಂಡಾಗ್ಲಿಂದ್ಲೂ ಇದೆ. ನಮ್ಮಪ್ಪ ಹುಟ್ದಾಗ ಅಜ್ಜಿಗೆ ಹಾಲು ಬರ್ಲಿಲ್ವಂತೆ, ಪಕ್ಕದ್ ಬೀದಿ ಒಬ್ಬಮ್ಮ ಅದೇ ತಿಂಗ್ಳು ಹೆತ್ತಿದ್ರಂತೆ, ಅವ್ರು ಮೂರ್ ತಿಂಗ್ಳು ಹಾಲ್ ಕುಡ್ಸವ್ರೆ. ಅವ್ರ್ ಜಾತಿ ಬೇರೆ, ಆ ಕಾಲ್ದಲ್ಲಿ ಅವ್ರನ್ನ ಹಟ್ಟಿ ಒಳಕ್ಕೇ ಸೇರಿಸ್ತಿರ್ಲಿಲ್ಲ, ಹಾಲು ಮಾತ್ರ ಬೇಕಿತ್ತು ನೋಡಿ. ಅವ್ರು ತೀರ್ಕೊಂಡ್ಮೇಲೆ ಅಪ್ಪ ಹಟ ಹಿಡ್ದು ಅವ್ರಿಗೂ ಒಂದ್ ಸೀರೆ ಮಡಗಕ್ಕೆ ಶುರು ಮಾಡ್ತು. ಊರ್ನೋರು ಎರಡ್ ವರ್ಷ ಮಾತಾಡುದ್ರು, ಮೂರ್ನೇ ವರ್ಷಕ್ಕೆ ಮರ್ತೋದ್ರು. ಈಗ ಅಪ್ಪಾನೂ ಇಲ್ಲ, ನನ್ ತಮ್ಮ ಇಬ್ರಿಗೂ ಅಕ್ಕಪಕ್ಕದಲ್ಲೇ ಮಡಗ್ತಾನೆ.

ನಿಮ್ಮತ್ತೆ "ದಾರಿ ಗೊತ್ತಿಲ್ಲ" ಅಂದ್ರೆ ಅದು ಬೇಡ ಅಂದಂಗಲ್ಲ. ನಮ್ ಕಡೆ ಅತ್ತೆದೀರು ಬೇಡ ಅನ್ನೋದಾದ್ರೆ ಬೇಡ ಅಂತ್ಲೇ ಅಂತಾರೆ, ದಾರಿ ಗೀರಿ ಅಂತ ಸುತ್ತಿ ಬಳಸಲ್ಲ. ಅವ್ರು ಯೋಚ್ನೆ ಮಾಡ್ತಾವ್ರೆ. ಇನ್ನೊಂದ್ಸಲ ಕೇಳಿ, ಫೋನಲ್ಲಲ್ಲ, ಎದ್ರುಗಡೆ ಕೂತ್ಕೊಂಡು ಅವರೆಕಾಯೋ ಏನೋ ಸುಲೀತಾ ಕೇಳಿ.

ಒಂಟಿಕೊಪ್ಪಲ್ ತಾತ, ಮೈಸೂರು:

ಅಮ್ಮ, ನಾನು ನಿವೃತ್ತ ಮೇಷ್ಟ್ರು, ಶಾಸ್ತ್ರಿ ಅಲ್ಲ, ಆದ್ರೂ ವರ್ಷಾ ವರ್ಷ ಮಹಾಲಯದಲ್ಲಿ ತರ್ಪಣ ಕೊಡ್ತೀನಿ, ಅದ್ರಲ್ಲಿ ತಿಳ್ದಿದ್ ಹೇಳ್ತೀನಿ. ಈ ಪಕ್ಷ ಅಂದ್ರೆ ಭಾದ್ರಪದ ಕೃಷ್ಣಪಕ್ಷ, ಹುಣ್ಣಿಮೆ ಆದ್ಮೇಲೆ ಅಮಾವಾಸ್ಯೆ ತನಕ. ಬೇರೆ ತಿಥಿ ಮಾಡೋವಾಗ ಅಪ್ಪ ತಾತ ಮುತ್ತಾತ ಅಂತ ಮೂರು ತಲೆಮಾರಿಗೆ ನಿಂತೋಗುತ್ತೆ, ಆದ್ರೆ ಮಹಾಲಯದ ವಿಶೇಷಾನೇ ಇದು, ಎಲ್ರನ್ನೂ ನೆನೀಬಹುದು. ಚಿಕ್ಕಪ್ಪ, ಸೋದರಮಾವ, ಅತ್ತೆ, ಅಕ್ಕ ತಂಗಿ, ಹೆಣ್ ಕೊಟ್ಟ ಮಾವ, ಆಮೇಲೆ ಗುರು, ಶಿಷ್ಯ, ಸಖ. ಹೌದು, ಗೆಳೆಯನಿಗೆ ಅಂತ್ಲೇ ಆ ಪಟ್ಟೀಲಿ ಜಾಗ ಇದೆ. ನಾನು ನನ್ ಜೊತೆ ಮಹಾರಾಜ ಕಾಲೇಜಲ್ಲಿ ಓದಿದ ಒಬ್ಬನ ಹೆಸ್ರು ಹೇಳಿ ಎಳ್ಳುನೀರು ಬಿಡ್ತೀನಿ, ಅವ್ನ ಗೋತ್ರ ನಂಗೊತ್ತಿಲ್ಲ, ಕಾಶ್ಯಪ ಅಂತ ಹೇಳ್ಬಿಡ್ತೀನಿ. ಗೋತ್ರ ಗೊತ್ತಿಲ್ದಾಗ ಹಾಗೆ ಹೇಳೋದು ರೂಢಿ.

ಕೊನೇಲಿ ಒಂದ್ ಶ್ಲೋಕ ಬರುತ್ತೆ, ಯಾರಿಗೆ ತಾಯಿ ಇಲ್ವೋ ತಂದೆ ಇಲ್ವೋ ಬಂಧು ಇಲ್ವೋ ಅವ್ರೆಲ್ಲ ನಾನು ಬಿಡೋ ಈ ದರ್ಭೆ ನೀರಿಂದ ತೃಪ್ತರಾಗ್ಲಿ ಅಂತ ಅದರ ಅರ್ಥ. ಅದ್ರಲ್ಲಿ ಯಾವ್ ಮತ ಅಂತ ಕೇಳಿಲ್ಲ. ಹಾಗೇ ಈ ಪಕ್ಷದ ಒಂಬತ್ತನೇ ದಿನ ಅವಿಧವಾ ನವಮಿ, ಮುತ್ತೈದೆಯಾಗಿ ಹೋದೋರಿಗೆ. ನಿಮ್ ಸ್ನೇಹಿತೆ ಯಜಮಾನ್ರು ಇದಾರೆ ಅಂದ್ರೆ ಆ ದಿನಾನೂ ಆಗ್ಬಹುದು, ಆದ್ರೆ ನಿಮ್ಮನೇಲಿ ಅಮಾವಾಸ್ಯೆ ಪದ್ಧತಿ ಇದ್ರೆ ಅದನ್ನ ಬದಲಾಯಿಸೋ ಅಗತ್ಯ ಇಲ್ಲ. ಮಾಂಸ ಮದ್ಯದ ವಿಚಾರ ನಂಗ್ ಗೊತ್ತಾಗಲ್ಲ, ಅದು ನಿಮ್ ನಿಮ್ಮ ಮನೆ ಪದ್ಧತಿ.

ಕೆರಗೋಡು ಕಡೆಯವ್ಳು, ಮಂಡ್ಯ:

ತಾತ ಗೊತ್ತಾಗಲ್ಲ ಅಂದ್ರೆ ಒಂದ್ಸಲ ಬನ್ನಿ ಗೊತ್ತಾಗುತ್ತೆ, ಬಂಡೂರ್ ಕುರಿ ಮಟನ್ನು 😄

ನೇರ ಮಾತು:

ಎಲ್ರೂ ಇಡಿ ಇಡಿ ಅಂತಿದೀರ, ನಾನೊಬ್ಬ ಬೇರೆ ಮಾತಾಡ್ತೀನಿ, ಬೈಕೊಳ್ಳಿ ಪರ್ವಾಗಿಲ್ಲ.

ಅವ್ರು ಹೋಗಿ ಒಂದೂವರೆ ವರ್ಷ ಆಗಿದೆ. ಅವ್ರ ಯಜಮಾನ್ರು ಇದಾರೆ, ಮಗ್ಳಿದಾಳೆ, ಎಲ್ಲ ಮೈಸೂರಲ್ಲೇ ತಾನೇ? ನೀವ್ ಬರ್ದಿರೋ ಇಷ್ಟುದ್ದದಲ್ಲಿ ಅವ್ರಿಬ್ರು ಈಗ ಹೆಂಗಿದಾರೆ ಅಂತ ಒಂದ್ ಸಾಲೂ ಇಲ್ಲ. ಡಬ್ಬಿ ಅಟ್ಟದ ಮೇಲಿದೆ. ಎಡೆ ಇಟ್ರೆ ಸತ್ತೋರು ಬರ್ತಾರೋ ಬಿಡ್ತಾರೋ ನಂಗೊತ್ತಿಲ್ಲ, ಬದುಕಿರೋರ ಮನೆ ಬಾಗ್ಲು ತಟ್ಟೋಕೆ ಪಂಚಾಂಗ ನೋಡ್ಬೇಕಾಗಿಲ್ಲ. ಅವ್ರನ್ನ ಕೇಳಿದ್ರಾ, ಅವ್ರ ಹೆಂಡ್ತಿ ಹೆಸ್ರಲ್ಲಿ ನೀವು ನಿಮ್ ಪದ್ಧತೀಲಿ ಏನೋ ಮಾಡ್ತೀರ ಅಂದ್ರೆ ಅವ್ರಿಗೆ ಓಕೆನಾ ಅಂತ?

ಎರಡ್ ಮಕ್ಳ ತಾಯಿ, ಮೈಸೂರು:

ನೇರ ಮಾತು ಅವ್ರೇ, ನಿಮ್ ಮಾತು ಓದಿ ಫೋನ್ ಎತ್ತಿಟ್ಟು ಕೊತ್ತಂಬ್ರಿ ಬಿಡಿಸ್ತಾ ಕೂತೆ, ಬೇಕಾಗಿರೋದಕ್ಕಿಂತ ಎರಡರಷ್ಟು ಬಿಡಿಸ್ದೆ. ಮಗ್ಳು ಮಂಗಳೂರಲ್ಲಿ ನರ್ಸಿಂಗ್ ಓದ್ತಿದಾಳೆ, ರಜಕ್ಕೆ ಬಂದಾಗ ನನ್ ಮಗ್ಳ ಜೊತೆ ಸಿಗ್ತಾಳೆ, ಅವ್ರಿಬ್ರಿಗೆ ಇವೆಲ್ಲ ಗೊಂದಲ ಇಲ್ಲ. ಅವ್ರ ಯಜಮಾನ್ರು ಒಬ್ರೇ ಇದಾರೆ. ಮಣ್ಣು ಮಾಡಿದ್ ದಿನ ಹೋಗಿದ್ದೆ, ಆಮೇಲೆ ಒಂದ್ಸಲ ಹೋಗಿದ್ದೆ. ಆ ಎರಡನೇ ಸಲ ಹೋದಾಗ ಹಾಲಲ್ಲಿ ಹೊಲಿಗೆ ಮಿಷಿನ್ನು ಹಂಗೇ ಇತ್ತು, ಸೂಜಿ ಕೆಳಗೆ ಒಂದ್ ಹಳದಿ ಬಟ್ಟೆ ಅರ್ಧ ಹೊಲ್ದಿದ್ದು ಹಂಗೇ ಸಿಕ್ಕಿಸ್ಕೊಂಡಿತ್ತು. ಅದ್ರ ಮೇಲೆ ಅವ್ಳ ಕೈಬರಹದ ಚೀಟಿ, ಗುಂಡುಪಿನ್ನು. ನನ್ ಹೆಸ್ರು, ಕೆಳಗೆ "ತೋಳು 11, ಈ ಸಲ ದಪ್ಪ ಆಗಿದಾಳೆ" ಅಂತ. ಅದನ್ನ ನೋಡಿ ನಾನ್ ಅಲ್ಲಿ ಕೂರಕ್ಕಾಗ್ಲಿಲ್ಲ, ಟೀ ಕೂಡ ಕುಡೀದೆ ಎದ್ ಬಂದ್ಬಿಟ್ಟೆ. ಆ ಮನುಷ್ಯ ಟೀ ಲೋಟ ಹಿಡ್ಕೊಂಡು ಬಾಗ್ಲಲ್ಲಿ ನಿಂತಿದ್ರು. ಅದಾದ್ಮೇಲೆ ಮುಖ ತೋರ್ಸೋಕೇ ಆಗಿಲ್ಲ. ನೀವ್ ಕೇಳಿದ್ ಸರಿಯಾಗೇ ಇದೆ, ಆದ್ರೂ ಕೋಪ ಬಂತು.

ಅಶೋಕ ರಸ್ತೆ ಹುಡ್ಗಿ, ಮೈಸೂರು:

ಅಕ್ಕ ನಾನು ಕ್ಯಾಥೊಲಿಕ್, ಹುಟ್ಟಿ ಬೆಳ್ದಿದ್ದೆಲ್ಲ ದೊಡ್ಡ ಚರ್ಚ್ ನೆರಳಲ್ಲಿ. ಅದಕ್ಕೇ ಬರೀತಿದೀನಿ.

ನಮ್ಮಲ್ಲಿ ಎಡೆ ಇಲ್ಲ, ಆದ್ರೆ ನವೆಂಬರ್ 2 ಇದೆ, ಸಕಲ ಆತ್ಮರ ದಿನ. ಅದ್ರ ಹಿಂದಿನ ವಾರದಿಂದ್ಲೇ ಸಮಾಧಿ ಸುತ್ತ ಹುಲ್ಲು ಕೀಳೋದು, ತೊಳೆಯೋದು, ಸುಣ್ಣ ಹೊಡ್ಸೋದು. ಅವತ್ತು ಸೇವಂತಿಗೆ ಹಾರ, ಮೇಣದಬತ್ತಿ ಹಚ್ಚಿ ಮನೇರೆಲ್ಲ ಸುತ್ತ ಕೂತಿರ್ತೀವಿ, ಗುರುಗಳು ಬಂದು ತೀರ್ಥ ಚಿಮುಕಿಸಿ ಪ್ರಾರ್ಥನೆ ಮಾಡ್ತಾರೆ. ಸಂಜೆ ಹೊತ್ತು ನೋಡ್ಬೇಕು ನೀವು, ಇಡೀ ಸಮಾಧಿ ಜಾಗ ದೀಪಾವಳಿ ಥರ ಇರುತ್ತೆ, ಮಕ್ಳು ಕರಗಿದ ಮೇಣ ಉಂಡೆ ಮಾಡ್ಕೊಂಡು ಆಟ ಆಡ್ತಿರ್ತಾವೆ, ಯಾರೂ ಬೈಯಲ್ಲ. ನವೆಂಬರ್ ತಿಂಗ್ಳು ಪೂರ್ತಿ ತೀರ್ಕೊಂಡೋರಿಗೆ ಅಂತ್ಲೇ ಪ್ರಾರ್ಥನೆ ಇರುತ್ತೆ. ಅವ್ರ ಹೆಸ್ರಲ್ಲಿ ಪೂಜೆ ಕೊಡಿಸ್ಬಹುದು, ಅದನ್ನ ನೀವೂ ಕೊಡಿಸ್ಬಹುದು, ಚರ್ಚ್ ಆಫೀಸಲ್ಲಿ ಹೋಗಿ ಹೆಸ್ರು ದಿನ ಬರೆಸಿದ್ರೆ ಆಯ್ತು, ನೀವ್ಯಾರು ಅಂತ ಕೇಳಲ್ಲ.

ಎಡೆ ಇಟ್ರೆ ತಪ್ಪಾ ಅಂದ್ರೆ, ನಮ್ಮಲ್ಲಿ ಕೆಲವರು ಒಪ್ಪಲ್ಲ, ಅದು ಸತ್ಯ. ನನ್ ದೊಡ್ಡಮ್ಮ ಆಗಿದ್ರೆ ಮುಖ ಗಂಟ್ ಹಾಕ್ಕೊಳ್ತಿದ್ರು. ಅದೇ ದೊಡ್ಡಮ್ಮ ನಮ್ ದೊಡ್ಡಪ್ಪನ ಸಮಾಧಿ ಮೇಲೆ ಹೂವಿನ ಮಧ್ಯ ಒಂದ್ ಕಿತ್ಳೆಹಣ್ಣು ಇಟ್ಟು ಬರ್ತಾರೆ, ಕೇಳಿದ್ರೆ "ಸುಮ್ನೆ ಇಟ್ಟೆ" ಅಂತಾರೆ. 1933ರಲ್ಲಿ ನಾಲ್ವಡಿ ಮಹಾರಾಜ್ರೇ ಅಡಿಗಲ್ಲು ಹಾಕಿದ ಚರ್ಚಿಗೆ ಹೋಗೋರು ನಾವು, ಮೈಸೂರಲ್ಲಿ ಯಾರು ಯಾರ ಮನೆ ಹಬ್ಬಕ್ಕೆ ಹೋಗ್ಬಾರ್ದು ಅಂತ ಗೆರೆ ಎಳೆಯೋದು ಕಷ್ಟ. ನನ್ ಅಭಿಪ್ರಾಯ, ಅವ್ರ ಯಜಮಾನ್ರಿಗೆ ಒಂದ್ ಮಾತು ಹೇಳಿ. ಪರ್ಮಿಷನ್ ಅಂತ ಅಲ್ಲ, ಅವ್ರಿಗೂ ಯಾರೋ ಇನ್ನೊಬ್ರು ನೆನೆಸ್ಕೋತಿದಾರೆ ಅಂತ ಗೊತ್ತಾಗ್ಲಿ. ಮತ್ತೆ ಕ್ವಾರ್ಟರ್ ಮಾತ್ರ ಇಡ್ಬೇಡಿ ಅಕ್ಕ, ಪ್ಲೀಸ್.

ಪಾಕ ತಪ್ಪಿದವ್ಳು:

ಮಧ್ಯೆ ಬಾಯ್ ಹಾಕ್ತಿದೀನಿ, ಕ್ಷಮ್ಸಿ. ಕಜ್ಜಾಯ ನಂದು ಪ್ರತೀ ಸಲ ಎಣ್ಣೇಲಿ ಬಿಟ್ಟ ತಕ್ಷಣ ಒಡ್ದೋಗುತ್ತೆ. ನಿಮ್ಮೂರ್ ಕಡೆ ಹೆಂಗ್ ಮಾಡ್ತೀರ ಸ್ವಲ್ಪ ಹೇಳಿ.

ಎರಡ್ ಮಕ್ಳ ತಾಯಿ, ಮೈಸೂರು:

ಪಾಕ ಇನ್ನೂ ಎಳಸಾಗಿದೆ ಅಥ್ವಾ ಹಿಟ್ಟು ಒಣಗಿದೆ, ಎರಡ್ರಲ್ಲಿ ಒಂದು. ಅಕ್ಕಿ ನೆನೆಸಿ ನೀರ್ ಬಸಿದು ನೆರಳಲ್ಲಿ ಬಟ್ಟೆ ಮೇಲೆ ಹರವಿ, ಕೈಗೆ ಇನ್ನೂ ತೇವ ತಾಗ್ತಿರೋವಾಗ್ಲೇ ಹಿಟ್ ಮಾಡಿಸ್ಬೇಕು. ಪೂರ್ತಿ ಒಣಗ್ಸಿದ್ರೆ ಮುಗೀತು. ಬೆಲ್ಲದ ಪಾಕ ನೀರಿಗ್ ಬಿಟ್ರೆ ಮೆತ್ತಗೆ ಉಂಡೆ ಕಟ್ಬೇಕು. ನಮ್ಮೂರ್ ಸುತ್ತ ಆಲೆಮನೆ ಇವೆ, ಆದ್ರೂ ಅತ್ತೆ ಬಿಸಿ ಬಿಸಿ ಹೊಸ ಬೆಲ್ಲ ಮುಟ್ಟಲ್ಲ, ಹಳೇ ಬೆಲ್ಲಾನೇ ಬೇಕು ಅಂತಾರೆ. ಪಾಕಕ್ಕೆ ಹಿಟ್ ಹಾಕಿ ಎಳ್ಳು ಗಸಗಸೆ ಸೇರ್ಸಿ ಒಂದ್ ರಾತ್ರಿ ಆದ್ರೂ ಬಿಡಿ. ಸಣ್ಣ ಉರಿ. ನನ್ ಗೆಳತಿಗೆ ಅಂಚು ಕಪ್ಪಾಗಿರೋದೇ ಬೇಕಿತ್ತು, ಶುಗರ್ ಇದೆ ಅಂತ ಟೀಗೆ ಸಕ್ರೆ ಬೇಡ ಅನ್ನೋಳು, ಅದೇ ಟೀ ಜೊತೆ ಎರಡ್ ಕಜ್ಜಾಯ ಮುಗ್ಸೋಳು.

ಕೆರಗೋಡು ಕಡೆಯವ್ಳು, ಮಂಡ್ಯ:

ಅಕ್ಕ ಅಮಾಸೆ ಆಯ್ತು, ದಸರಾನೂ ಶುರುವಾಯ್ತು. ಏನಾಯ್ತು ಹೇಳ್ಲೇ ಇಲ್ಲ?

ಎರಡ್ ಮಕ್ಳ ತಾಯಿ, ಮೈಸೂರು:

ಹೇಳ್ತೀನಿ. ಊರಿಂದ ಬಂದ್ ಮಾರನೇ ದಿನಾನೇ ಗೊಂಬೆ ಕೂರಿಸ್ಬೇಕಿತ್ತು, ಪಕ್ಕದ್ ಮನೆ ಮಕ್ಳು ಬಂದು ಬಾಗ್ಲಲ್ಲಿ ನಿಂತಿರ್ತಾವೆ, ಪುರುಸೊತ್ತಾಗ್ಲಿಲ್ಲ.

ಮೊದ್ಲು ಅವ್ರ ಯಜಮಾನ್ರಿಗೆ ಫೋನ್ ಮಾಡ್ದೆ. ಮೂರ್ ದಿನ ಫೋನ್ ಕೈಲಿ ಹಿಡ್ಕೊಂಡು ಇಟ್ಟು ಮಾಡಿ ನಾಲ್ಕನೇ ದಿನ ಮಾಡ್ದೆ. ಹಿಂಗಿಂಗೆ ಅಂದ್ಕೊಂಡಿದೀನಿ ಅಂತ ಹೇಳ್ದೆ. ಅವ್ರು ಜಾಸ್ತಿ ಮಾತಾಡೋರಲ್ಲ. ಸ್ವಲ್ಪ ಹೊತ್ತಾದ್ಮೇಲೆ "ಕಜ್ಜಾಯ ಇರುತ್ತಾ?" ಅಂದ್ರು. ಇರುತ್ತೆ ಅಂದೆ. "ಹಂಗಾದ್ರೆ ಬರ್ತಾಳೆ ಬಿಡಿ" ಅಂದು ಇಟ್ಬಿಟ್ರು.

ಊರಿಗೆ ಎರಡ್ ದಿನ ಮುಂಚೆನೇ ಟ್ರೈನಲ್ಲಿ ಹೋದೆ, ಮಕ್ಳು ಅವ್ರಪ್ಪ ಆಮೇಲೆ ಬಂದ್ರು. ಕೆರಗೋಡು ತಂಗಿ ಹೇಳ್ದಂಗೆ ಎದ್ರು ಕೂತ್ಕೊಂಡೇ ಕೇಳೋಣ ಅಂತ ಬೆಳ್ಳುಳ್ಳಿ ಸುಲೀತಾ ಕೂತಿದ್ದೆ. ನಾನ್ ಬಾಯಿ ತೆಗೆಯೋಕೆ ಮುಂಚೆ ಅತ್ತೇನೇ "ಆ ಟೈಲರಮ್ಮ ನಮ್ಮೂರ್ ಮಾರಿ ಹಬ್ಬುಕ್ ಬಂದಿದ್ಲಲ್ವಾ ಒಂದಪ?" ಅಂದ್ರು. ಬಂದಿದ್ಲು, ಎಂಟ್ ವರ್ಷದ ಹಿಂದೆ, ನನ್ಗೇ ಮರ್ತೋಗಿತ್ತು. ಅವತ್ತು ಅತ್ತೆಗೆ ಒಂದ್ ಬ್ಲೌಸಿನ ಅಳತೆ ತಗೊಂಡಿದ್ಲು, ಟೇಪ್ ತಂದಿರ್ಲಿಲ್ಲ ಅಂತ ಸೆಣಬಿನ ದಾರದಲ್ಲಿ ಅಳ್ದು ಗಂಟ್ ಹಾಕ್ಕೊಂಡಿದ್ಲು. "ಅಂಗಾರೆ ದಾರಿ ಗೊತ್ತದೆ" ಅಂದ್ರು ಅತ್ತೆ. ಅಷ್ಟೇ, ಆ ಮಾತು ಅಲ್ಲಿಗೆ ಮುಗೀತು.

ಆದ್ರೆ ಎಡೆ ದಿನ ಇನ್ನೊಂದ್ ಸಮಸ್ಯೆ. ನಾನು ಒಳಗೆ ಕಳಸದ ಪಕ್ಕ ಎಲೆ ಹಾಕೋಕ್ ಹೋದ್ರೆ ಅತ್ತೆ ಕೈ ಹಿಡ್ಕೊಂಡ್ರು. ಮತ್ತೆ ಶುರುವಾಯ್ತಲ್ಲಪ್ಪ ಅಂದ್ಕೊಂಡೆ. ಅವ್ರು ಹೇಳಿದ್ದು ಹಂಗಂಗೇ ಬರೀತೀನಿ, "ಒಳಗ್ ಮಡಗ್ಬ್ಯಾಡ ಕನವ್ವ, ನಿಮ್ಮಾವ ಬಂದಿರ್ತಾರೆ, ಕುಡುದ್ ಬುಟ್ಟು ಮಾತಾಡ್ತಾರೆ, ಆ ಎಣ್ಣೆಂಗ್ಸು ನಾಚ್ಕತದೆ. ಜಗ್ಲಿ ಮ್ಯಾಲೆ ಮಡಗು, ಅಲ್ಲಾದ್ರೆ ಗಾಳಿ ಬತ್ತದೆ." ಮಾವ ತೀರ್ಕೊಂಡು 16 ವರ್ಷ ಆಯ್ತು, ಇವ್ರಿನ್ನೂ ಅವ್ರ ಮರ್ಯಾದೆ ಕಾಯ್ತಿದಾರೆ.

ಸರಿ ಜಗಲಿ ಮೇಲೆ ಬಾಳೆ ಎಲೆ ಹಾಕಿ ಅನ್ನ, ಮಟನ್ ಸಾರು, ಅಂಚು ಕಪ್ಪಾಗಿರೋ ಕಜ್ಜಾಯ ಎರಡು, ಪಕ್ಕದಲ್ಲಿ ಸಕ್ರೆ ಇಲ್ದಿರೋ ಟೀ. ಮುದ್ದೆ ಇಡ್ಲಿಲ್ಲ, ಅವ್ಳಿಗೆ ಮುದ್ದೆ ನುಂಗೋಕೆ ಕೊನೇ ತನಕ ಬರ್ಲಿಲ್ಲ, ಅಗೀತಿದ್ಲು. ಮಗ್ಳು ಒಂದ್ ಮೇಣದಬತ್ತಿ ತಂದಿದ್ಲು, ಅದನ್ನೂ ಹಚ್ಚಿದ್ವಿ, ಗಾಳಿಗೆ ಎರಡ್ಸಲ ಆರೋಯ್ತು. ಒಳಗೆ ಧೂಪ ಹಾಕಿ ಬಾಗ್ಲು ಮುಚ್ಕೊಂಡು ಎಲ್ರೂ ಆಚೆ ಬಂದ್ವಿ.

ಆಚೆ ಅಂದ್ರೆ ಜಗಲಿ ತಾನೆ. ಪ್ರತಿ ವರ್ಷ ಅಲ್ಲಿ ಸುಮ್ನೆ ನಿಂತಿರ್ತೀವಿ, ಮೊಬೈಲ್ ನೋಡ್ತಾ, ಎಷ್ಟೊತ್ತಿಗೆ ಬಾಗ್ಲು ತೆಗೀತೀವೋ ಅಂತ. ಈ ಸಲ ಎಲೆ ಪಕ್ಕದಲ್ಲೇ ಕೂತ್ವಿ, ಬೇರೆ ಜಾಗ ಇರ್ಲಿಲ್ಲ. ನಮ್ಮನೆಯವ್ರು ಕಂಬಕ್ಕೆ ಒರಗ್ಕೊಂಡು ಅವ್ಳು ಅವ್ರ ಹೊಸ ಪ್ಯಾಂಟ್ ಕೆಳಗ್ ಮಡಚಿ ಹೊಲೀವಾಗ ಒಂದ್ ಕಾಲು ಗಿಡ್ಡ ಮಾಡಿದ್ದು ನೆನಪ್ ಮಾಡ್ಕೊಂಡು ನಗೋಕ್ ಶುರು ಮಾಡಿದ್ರು. "ನಿಮ್ ಕಾಲೇ ಒಂದ್ ಗಿಡ್ಡ ಸಾರ್" ಅಂದಿದ್ಲಂತೆ. ಮಧ್ಯೆ ಒಂದ್ ಕೋಳಿ ಬಂದು ಎಲೆಗೆ ಬಾಯಿ ಹಾಕೋಕ್ ನೋಡ್ತು, ಅತ್ತೆ ಹಚಾ ಅಂತ ಸೆರಗು ಬೀಸಿ ಓಡ್ಸಿ, ಆಮೇಲೆ ಎಲೆ ಕಡೆ ತಿರುಗಿ "ನೀ ಉಣ್ಣವ್ವ" ಅಂದ್ರು.

ಮೈಸೂರಿಗ್ ಬಂದು ಡಬ್ಬಿ ಅಟ್ಟದಿಂದ ಇಳ್ಸಿ ತೊಳ್ದು ಕಜ್ಜಾಯ ತುಂಬ್ಕೊಂಡು ಅವ್ರ ಮನೆಗ್ ಹೋದೆ. ಹಳದಿ ಬಟ್ಟೆ ಇನ್ನೂ ಮಿಷಿನ್ನಲ್ಲೇ ಇದೆ. ಈ ಸಲ ಟೀ ಕುಡಿದೆ, ಚೆನ್ನಾಗಿರ್ಲಿಲ್ಲ, ಆ ಮನುಷ್ಯನಿಗೆ ಟೀ ಮಾಡೋಕೆ ಬರಲ್ಲ. ಹೊರಡೋವಾಗ ಅವ್ರು "ಒಂದ್ ನಿಮಿಷ" ಅಂತ ಒಳಗ್ ಹೋಗಿ ಒಂದ್ ಸ್ಟೀಲ್ ಡಬ್ಬಿ ತಂದ್ ಕೊಟ್ರು. ಮುಚ್ಚಳದ ಮೇಲೆ ನನ್ ಅಕ್ಷರ. ಮದ್ವೆ ಸೆಟ್ಟಿನ ಮೂರನೇದು! ನಾನ್ ಅವ್ಳನ್ನ ಎರಡ್ಸಲ ಕೇಳಿದ್ದೆ, ನನ್ ಹತ್ರ ಇಲ್ವೇ ಇಲ್ಲ, ನಿಮ್ಮತ್ತೆ ಊರಿಗ್ ಒಯ್ದಿರ್ತಾರೆ ನೋಡು ಅಂದಿದ್ಲು ಕಳ್ಳಿ. ತೆಗೆದ್ರೆ ಒಳಗೆ ಹುಕ್ಕು, ಪ್ರೆಸ್ ಬಟನ್ನು, ಅರ್ಧ ಮುಗ್ದಿರೋ ದಾರದ ಉಂಡೆ, ಒಂದ್ ಸೀಮೆಸುಣ್ಣ. ಇದನ್ನ ಬೇರೆ ಕಡೆ ಸುರ್ಕೊಳ್ಳಿ ಅಂದೆ. ಅವ್ರು "ಇರ್ಲಿ ಬಿಡಿ, ಖಾಲಿ ಕೊಡ್ಬಾರ್ದಲ್ಲ" ಅಂದ್ರು.

ನವೆಂಬರ್ 2ಕ್ಕೆ ಹೋಗ್ತೀವಿ. ಅಶೋಕ ರಸ್ತೆ ಹುಡ್ಗಿ, ಸೇವಂತಿಗೆ ದೇವರಾಜ ಮಾರ್ಕೆಟ್ಟಲ್ಲೇ ತಗೊಳ್ಳೋದಾ ಅಥ್ವಾ ಅಲ್ಲೇ ಗೇಟ್ ಹತ್ರ ಸಿಗುತ್ತಾ ಹೇಳಮ್ಮ.